ಎರಡು ಸೀಟಿ

ಮಾರ್ಚ್ 11, ಮಂಗಳವಾರ

ಡಾಕ್ಟರು ಈ ನೋಟ್‌ಬುಕ್ ತರಿಸಿದ್ದು ದಿನಾ ಬೆಳಿಗ್ಗೆ ಸಂಜೆ ಬಿಪಿ ಬರೆದಿಡಲಿಕ್ಕೆ. ಮುಂದಿನ ಹಾಳೆಗಳಲ್ಲಿ ಅದನ್ನು ಬರೆಯುತ್ತೇನೆ. ಹಿಂದಿನ ಹಾಳೆಗಳು ನನಗೆ ಇರಲಿ.

ನನ್ನ ಕಿಡ್ನಿಗಳು ನೂರಕ್ಕೆ ನಲವತ್ತು ಭಾಗವಷ್ಟೇ ಕೆಲಸ ಮಾಡುತ್ತಿವೆ ಎಂದು ದೀಪಾವಳಿಯ ಹೊತ್ತಿಗೆ ಗೊತ್ತಾಯಿತು. ಮೊದಲು ಕೊಟ್ಟಿದ್ದ ಬಿಪಿ ಗುಳಿಗೆಗೆ ಪಾದ ಎರಡೂ ಊದಿಕೊಂಡು, ಸಂಜೆ ಚಪ್ಪಲಿ ಬಿಟ್ಟರೆ ಪಟ್ಟಿಯ ಗುರುತು ಬೆರಳು ಹೂಳುವಷ್ಟು ಆಳವಾಗಿರುತ್ತಿತ್ತು. ಅದಕ್ಕೇ ಇವತ್ತು ಬದಲಿಸಿದರು. ಈಗ ಎರಡು ಗುಳಿಗೆ. ಒಂದು ಬಿಪಿಯನ್ನೂ ಕಿಡ್ನಿಯನ್ನೂ ಕಾಯುವಂಥದ್ದು. ಇನ್ನೊಂದು ನೀರಿನ ಗುಳಿಗೆ.

"ಇದನ್ನ ತಗೊಂಡ ಮ್ಯಾಲ ನಾಲ್ಕೈದ ತಾಸು ಮ್ಯಾಲಿಂದ ಮ್ಯಾಲೆ ಒಂದಕ್ಕ ಹೋಗಬೇಕಾಗತೈತ್ರಿ. ಏನ್ ಕೆಲಸ ಮಾಡ್ತೀರಿ ನೀವು?" ಎಂದು ಡಾಕ್ಟರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದಿದ್ದ ನಮ್ಮ ಮನೆಯವರು, "ಸರಕಾರಿ ನೌಕರಿ ಐತ್ರಿ ಸಾಹೇಬ್ರ" ಎಂದರು. ಇವರಿಗೆ ಅದನ್ನು ಹೇಳುವುದೆಂದರೆ ಖುಷಿ. ತಾವು ಕೆಲಸ ಮಾಡುವ ಬನಹಟ್ಟಿಯ ನೂಲಿನ ಅಂಗಡಿಯಲ್ಲಿ ಸಹ ಎಲ್ಲರಿಗೂ ಹಾಗೆಯೇ ಹೇಳಿದ್ದಾರೆ.

"ಹಂಗಾರ ತ್ರಾಸಿಲ್ಲ ಬಿಡ್ರಿ" ಎಂದು ಡಾಕ್ಟರು ಬರೆದುಕೊಟ್ಟರು. ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂರುವ ನೌಕರಿ ಎಂದುಕೊಂಡಿರಬೇಕು. ನಾನು ಬಸ್ ಕಂಡಕ್ಟರ್ ಎಂದು ಹೇಳಬಹುದಿತ್ತು. ಅವರು ನನ್ನ ತಮ್ಮನ ವಯಸ್ಸಿನವರು. ಆ ವಿಷಯ ಅವರ ಮುಂದೆ ಬೆಳೆಸುವುದು ಬೇಡವೆನಿಸಿತು.

ಮಾರ್ಚ್ 13, ಗುರುವಾರ

ಬೆಳಿಗ್ಗೆ ಐದೂವರೆಗೆ ಚಹದ ಜೊತೆ ಗುಳಿಗೆ ನುಂಗಿದೆ. ಆರೂ ಮುಕ್ಕಾಲಿಗೆ ಜಮಖಂಡಿ ಬಿಟ್ಟಿತು ಗಾಡಿ. ಏಳಕ್ಕೆ ಅವಸರ ಶುರುವಾಯಿತು.

ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಈ ಬಾಗಲಕೋಟೆ ಗಾಡಿಯಲ್ಲಿ ನಿಲ್ಲಲಿಕ್ಕೂ ಜಾಗ ಇರುವುದಿಲ್ಲ. ಮಂದಿಯ ನಡುವೆ ತೂರಿಕೊಂಡು, ಮಷೀನಿನಲ್ಲಿ ಒಂದೊಂದೇ ಸೊನ್ನೆ ಟಿಕೆಟ್ ಹರಿದು ಕೊಡುತ್ತ, ಕಾಲು ಕಾಲಿಗೆ ಒತ್ತಿ ನಿಂತಿದ್ದೆ. ಯಾರೋ ಒಬ್ಬಳು, "ಯಕ್ಕಾ, ಮಾರಿ ಯಾಕ ಹಂಗಾಗೈತಿ?" ಎಂದಳು. ಮುಧೋಳ ಬಂದ ಕೂಡಲೆ ಓಡಿದೆ. ಲೋಕಾಪುರದಲ್ಲಿ ಮತ್ತೆ. ಬಾಗಲಕೋಟೆಯಲ್ಲಿ ಮತ್ತೆ.

ಡ್ರೈವರ್ ಹೊಳಬಸಪ್ಪ ಕಾಕಾ ಕೇಳಿದರು. "ಗಾಡಿ ನಿಂತ ಕೂಡಲೆ ಎಲ್ಲಿಗೆ ಓಡ್ತಿ ತಂಗಿ?"

"ಮಗಳಿಗೆ ಫೋನ್ ಹಚ್ಚಾಕ ಕಾಕಾ. ಗಾಡ್ಯಾಗ ಗದ್ದಲ."

ಆರು ವರ್ಷದಿಂದ ಅವರ ಗಾಡಿಯಲ್ಲೇ ಇದ್ದೇನೆ. ನನಗೆ ಹುಷಾರಿಲ್ಲದ ದಿನ ಅವರ ಹೆಂಡತಿ ರತ್ನಾಬಾಯಿ ನನಗೂ ಸೇರಿಸಿ ಡಬ್ಬಿ ಕಟ್ಟಿ ಕಳಿಸುತ್ತಾರೆ. ಅವರಿಗೂ ಹೇಳಲಾಗಲಿಲ್ಲ.

ಮಾರ್ಚ್ 19, ಬುಧವಾರ

ಒಂದು ದಾರಿ ಹುಡುಕಿಕೊಂಡಿದ್ದೇನೆ. ಡ್ಯೂಟಿ ಇರುವ ದಿನ ಗುಳಿಗೆ ಇಲ್ಲ. ರಜೆ ಇದ್ದ ದಿನ ಮಾತ್ರ. ಎರಡರಲ್ಲಿ ನೀರಿನದು ಯಾವುದೆಂದು ಗುರುತು ಹತ್ತಲಿಲ್ಲ, ಎರಡನ್ನೂ ಬಿಟ್ಟೆ.

ಇವತ್ತು ಬಿಪಿ 168/98. ಮುಂದಿನ ಹಾಳೆಯಲ್ಲಿ 138/86 ಎಂದು ಬರೆದೆ.

ಮಾರ್ಚ್ 28, ಶುಕ್ರವಾರ

ಇವರು ನನ್ನ ಕಾಲು ನೋಡಿಬಿಟ್ಟರು. ಮಣೆಯ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದೆ. ಹತ್ತಿರ ಬಂದು ಕಣಕಾಲನ್ನು ಹೆಬ್ಬೆರಳಿಂದ ಒತ್ತಿದರು. ಕುಳಿ ಬಿತ್ತು. ಒಳಗೆ ಹೋಗಿ ಗುಳಿಗೆಯ ಪಟ್ಟಿ ತಂದು ಎಣಿಸಿದರು.

"ಯಾಕ ಉಳದಾವ ಇಷ್ಟು?"

"ಮರ್ತೆ."

"ನಾಳಿಂದ ನನ್ನ ಮುಂದ ನುಂಗು. ಮಗಳಿಗೆ ಇನ್ನೂ ಹದಿನೇಳ ವರ್ಷ ರಾಜೀ. ಡಯಾಲಿಸಿಸ್ ಅಂದ್ರ ಏನಂತ ಗೊತ್ತೈತೇನ ನಿನಗ?" ಇವರ ದನಿ ಒಡೆಯಿತು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಇವರ ದನಿ ಒಡೆದದ್ದು ಅತ್ತೆ ತೀರಿಕೊಂಡಾಗ ಒಮ್ಮೆ ಕೇಳಿದ್ದೆ.

ಆಗಲೂ ಹೇಳಲಿಲ್ಲ. ಗಂಡನಿಗೇ ಹೇಳಲಾಗದಂಥದ್ದು ಇದರಲ್ಲಿ ಏನಿದೆ? ಇದೆ. ಚಿಕ್ಕವಳಿದ್ದಾಗ ಸಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಒಮ್ಮೆ ತಡೆಯಲಾಗದೆ ಆಗಿಹೋಗಿತ್ತು. ವರ್ಷವಿಡೀ ಹುಡುಗಿಯರು ನನಗೊಂದು ಹೆಸರಿಟ್ಟು ಕರೆದರು. ಆ ಹೆಸರನ್ನು ಇಲ್ಲಿ ಕೂಡ ಬರೆಯಲಾರೆ.

ಏಪ್ರಿಲ್ 2, ಬುಧವಾರ

ಈಗ ದಿನಾ ಇವರ ಎದುರಿಗೆ ಎರಡೂ ಗುಳಿಗೆ ನುಂಗುತ್ತೇನೆ. ಆದರೆ ನೀರು ಕುಡಿಯುವುದಿಲ್ಲ. ಹಿಂದಿನ ಸಂಜೆಯಿಂದಲೇ ನಿಲ್ಲಿಸುತ್ತೇನೆ. ಬಿಸಿಲು ನಲವತ್ತೊಂದು. ನಾಲಿಗೆ ಹಲ್ಲಿಗೆ ಅಂಟುತ್ತದೆ. ಸೀಟಿನಿಂದ ಎದ್ದರೆ ಬಸ್ಸು ಒಂದು ಸುತ್ತು ತಿರುಗಿ ನಿಲ್ಲುತ್ತದೆ, ಕಂಬಿ ಹಿಡಿದು ನಿಂತುಕೊಳ್ಳುತ್ತೇನೆ. ಅಷ್ಟಾದರೂ ಅದು ಬರುವುದು ಬರುತ್ತದೆ.

ಏಪ್ರಿಲ್ 5, ಶನಿವಾರ

ಇವತ್ತು ಬರೆಯಲಾರೆ.

ಏಪ್ರಿಲ್ 6, ಭಾನುವಾರ

ಬರೆದರೆ ಎದೆ ಹಗುರಾಗುತ್ತದೋ ಏನೋ ನೋಡುತ್ತೇನೆ.

ನಿನ್ನೆ ಏಳೂ ಕಾಲಿಗೆ, ಮುಧೋಳ ಇನ್ನೂ ಹತ್ತು ನಿಮಿಷ ಇತ್ತು. ಹೊಟ್ಟೆಯ ಕೆಳಗೆ ಕಲ್ಲು ಇಟ್ಟ ಹಾಗೆ. ತೋಟದ ಕ್ರಾಸಿನಲ್ಲಿ ಇಳಿಯುವವರಿದ್ದರು, ಒಂದು ಸೀಟಿ ಹೊಡೆದು ಗಾಡಿ ನಿಲ್ಲಿಸಿದೆ. ಮೂರು ಜನ ಇಳಿದರು. ನಾಲ್ಕನೆಯವಳು ಮುದುಕಿ, ಕೈಯಲ್ಲಿ ಚೀಲ, ಮೆಟ್ಟಿಲಿಗೆ ಬರಲು ಹೊತ್ತು ಮಾಡುತ್ತಿದ್ದಳು. ನಾನು ಗಾಡಿಯ ನಡುವೆ ಇದ್ದೆ. ಬಾಗಿಲು ನನಗೆ ಕಾಣುತ್ತಿರಲಿಲ್ಲ. ಕಾಣಿಸುವಂತೆ ಎರಡು ಹೆಜ್ಜೆ ಮುಂದೆ ಹೋಗಬೇಕಿತ್ತು, ಹದಿನಾಲ್ಕು ವರ್ಷ ಹೋಗಿದ್ದೇನೆ. ನಿನ್ನೆ ಹೋಗಲಿಲ್ಲ. ಗಾಡಿ ಹೊರಡಲಿ ಎಂದು ಎರಡು ಸೀಟಿ ಹೊಡೆದುಬಿಟ್ಟೆ.

ಗಾಡಿ ಜಗ್ಗಿತು. ಹೆಂಗಸರು ಕೂಗಿದರು. ಮುದುಕಿ ಕೊನೆಯ ಮೆಟ್ಟಿಲಿನಿಂದ ಡಾಂಬರಿನ ಮೇಲೆ ಬಿದ್ದಿದ್ದಳು. ಬಲಗೈ ಮಣಿಕಟ್ಟು ಬಾಗಿಹೋಗಿತ್ತು. ನಾನು ಇಳಿದು ಹತ್ತಿರ ಕೂತೆ. ಕೂತಾಗಲೇ ನನ್ನಿಂದ ತಡೆಯುವುದು ಆಗಲಿಲ್ಲ. ಎಲ್ಲ ಆಗಿಹೋಯಿತು. ಸುತ್ತಲೂ ಮೂವತ್ತು ಮಂದಿ.

ಆಗ ನಾನು ಮಾಡಿದ್ದೇನೆಂದರೆ, ಮುದುಕಿಗೆ ಕುಡಿಸುವ ನೆಪದಲ್ಲಿ ನೀರಿನ ಬಾಟಲಿ ತೆರೆದು, ಕೈ ಜಾರಿದವಳಂತೆ ಅರ್ಧ ಬಾಟಲಿ ನನ್ನ ಸೀರೆಯ ಮೇಲೆ ಸುರಿದುಕೊಂಡೆ. ಆಕೆ ಕೈ ಮುರಿದುಕೊಂಡು ನರಳುತ್ತಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಸೀರೆ.

ಹೊಳಬಸಪ್ಪ ಕಾಕಾ ಓಡಿಬಂದರು. ಮುಖ ಬಿಳಿಚಿಕೊಂಡಿತ್ತು. "ಎರಡ ಸೀಟಿ ಹೊಡದೆಲ್ಲ ತಂಗಿ?" ಎಂದರು. ಅದು ಜಗಳದ ಮಾತಾಗಿರಲಿಲ್ಲ, ಸುಮ್ಮನೆ ಕೇಳಿದ್ದು.

"ಇಲ್ಲ ಕಾಕಾ" ಎಂದೆ.

ಅದೇ ಹೊತ್ತಿಗೆ ಪಕ್ಕದಲ್ಲಿ ಒಂದು ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಅಬ್ಬರಿಸಿ ಹೋಗಿತ್ತು. ಮಂದಿಗೂ ಖಚಿತವಿರಲಿಲ್ಲ. ಕೇಳಿತು ಎಂದವರು ಇಬ್ಬರು, ಇಲ್ಲ ಎಂದವರು ನಾಲ್ವರು. ಕಾಕಾ ನನ್ನ ಮುಖವನ್ನೇ ನೋಡಿದರು. ಆಮೇಲೆ ಕಿರುಬೆರಳು ಕಿವಿಗೆ ಹಾಕಿ ಅಲುಗಿಸಿದರು.

ಏಪ್ರಿಲ್ 9, ಬುಧವಾರ

ಡಿಪೋದಲ್ಲಿ ಇಬ್ಬರಿಂದಲೂ ಹೇಳಿಕೆ ಬರೆಸಿಕೊಂಡರು. ನಾನು ಬರೆದದ್ದು: ಪ್ರಯಾಣಿಕರು ಇಳಿಯುತ್ತಿದ್ದಾಗ ನಾನು ಯಾವುದೇ ಸೂಚನೆ ಕೊಟ್ಟಿರುವುದಿಲ್ಲ. ಕಾಕಾ ಬರೆದದ್ದನ್ನು ಕ್ಲಾರ್ಕ್ ಓದಿ ಹೇಳಿದ: ಸೀಟಿ ಕೇಳಿದಂತಾಗಿ ಗಾಡಿ ಬಿಟ್ಟೆ, ಕೇಳಿದ್ದರಲ್ಲಿ ತಪ್ಪಾಗಿರಬಹುದು.

ಮ್ಯಾನೇಜರ್ ಸಾಹೇಬರು ಕೆಟ್ಟವರಲ್ಲ. "ಐವತ್ತೆಂಟ ಆತು ಹೊಳಬಸಪ್ಪ. ಒಂದ ಸಲ ಕಿವಿ ತೋರಿಸಿಬಿಡ್ರಿ. ಅಲ್ಲಿತನ ಸ್ಟಿಯರಿಂಗ್ ಬ್ಯಾಡ" ಎಂದರು. ಕಾಕಾ, "ಆತ್ರಿ" ಎಂದು ನಮಸ್ಕಾರ ಮಾಡಿ ಹೊರಗೆ ಬಂದರು. ಬಂದವರು ನನಗೇ ಸಮಾಧಾನ ಹೇಳಿದರು. "ನೀ ಚಿಂತಿ ಮಾಡಬ್ಯಾಡ ತಂಗಿ. ನಿಂದೇನೈತಿ ಇದರಾಗ."

ಇನ್ನು ನನ್ನ ಗಾಡಿಗೆ ವೀರೇಶ ಎಂಬ ಹೊಸ ಡ್ರೈವರ್.

ಮೊನ್ನೆಯಿಂದ ಗುಳಿಗೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು, ಇವರು ಹೊರಗೆ ಹೋದ ಮೇಲೆ ಬಚ್ಚಲಲ್ಲಿ ಉಗಿಯುತ್ತೇನೆ.

ಏಪ್ರಿಲ್ 13, ಭಾನುವಾರ

ಆ ಮುದುಕಿಯ ಹೆಸರು ಕೆಂಪವ್ವ. ಮನೆ ಹುಡುಕಿಕೊಂಡು ಹೋದೆ, ಖಾಕಿ ಇಲ್ಲದೆ. ಕೈಗೆ ಪ್ಲಾಸ್ಟರ್ ಹಾಕಿದ್ದರು, ಸೊಸೆ ರೊಟ್ಟಿ ಮುರಿದು ಬಾಯಿಗಿಡುತ್ತಿದ್ದಳು. ನನ್ನನ್ನು ಕಂಡು ಕೆಂಪವ್ವ ಎದ್ದು ಕೂತಳು.

"ಬಾ ನನ ಮಗಳ. ನಂದ ತಪ್ಪ ಬಿಡವಾ. ಕಾಲ ಲಗೂ ಏಳಂಗಿಲ್ಲ. ಎಷ್ಟ ಹೊತ್ತಂತ ನಿಲ್ಲತೈತಿ ಗಾಡಿ?"

ಮಗ ಧರ್ಮರಾಜ ಬಾಗಿಲಲ್ಲಿ ನಿಂತು, "ಕಿವುಡ ಡ್ರೈವರನ ಕೈಯಾಗ ಗಾಡಿ ಕೊಟ್ಟಾರ. ಮಂದಿ ಸಾಯಬೇಕ ಇವ್ರಿಗೆ" ಎಂದ.

ಊರಲ್ಲಿ ಅಷ್ಟು ಬೇಗ ಆ ಮಾತು ಹಬ್ಬಿದೆ.

ಹೊರಡುವಾಗ ಕೆಂಪವ್ವ ಸೊಸೆಗೆ ಹೇಳಿದಳು, "ಈಕಿ ಇಲ್ಲಂದ್ರ ನಾ ಉಳೀತಿದ್ದಿಲ್ಲ. ನನಗ ನೀರ ಕುಡಸಾಕ ಹೋಗಿ ತನ್ನ ಸೀರಿ ಎಲ್ಲಾ ತೋಯಿಸಿಕೊಂಡ್ಲು ಪಾಪ." ಎಡಗೈಯಿಂದ ನನ್ನ ಗಲ್ಲ ಸವರಿದಳು.

ಬಸ್ ಸ್ಟಾಪಿನ ತನಕ ಹೇಗೆ ನಡೆದು ಬಂದೆನೋ ಗೊತ್ತಿಲ್ಲ. ಎಲ್ಲರೂ ತಪ್ಪನ್ನು ತಮ್ಮದೆಂದು ಹೊತ್ತುಕೊಳ್ಳುತ್ತಿದ್ದಾರೆ. ಹೊರಬೇಕಾದವಳು ಕೈ ಬೀಸಿಕೊಂಡು ತಿರುಗುತ್ತಿದ್ದೇನೆ.

ಏಪ್ರಿಲ್ 16, ಬುಧವಾರ

178/104. ಮುಂದಿನ ಹಾಳೆಯಲ್ಲಿ 136/84.

ಏಪ್ರಿಲ್ 20, ಭಾನುವಾರ

ಕಾಕಾನ ಮನೆಗೆ ಹೋಗಿದ್ದೆ, ಜಮಖಂಡಿಗೆ. ಹೇಳಿಬಿಡಬೇಕೆಂದೇ ಹೋಗಿದ್ದು. ರತ್ನಾಬಾಯಿ ಚಹ ಮಾಡಲು ಒಳಗೆ ಹೋದರು. ಕಾಕಾ ಪಡಸಾಲೆಯಲ್ಲಿ ಕೂತಿದ್ದರು. ಹತ್ತು ದಿನದಲ್ಲಿ ಕೆನ್ನೆ ಒಳಗೆ ಹೋಗಿವೆ.

"ಛಲೋ ಆತು ಬಂದಿ. ಸೀಟಿ ತಂದಿಯೇನ?" ಎಂದರು.

ಸೀಟಿ ನನ್ನ ಪರ್ಸಿನಲ್ಲೇ ಇರುತ್ತದೆ.

"ಅಂಗಳದಾಗ ನಿಂತು ಹೊಡಿ. ಒಮ್ಮಿ ಒಂದ, ಒಮ್ಮಿ ಎರಡ, ನಿನ್ನ ಮನಸಿಗೆ ಬಂದಂಗ. ನಾ ಗ್ವಾಡಿ ಕಡೆ ಮಾರಿ ಮಾಡಿ ಕುಂದರತೇನಿ. ಎಷ್ಟ ಕೇಳಸ್ತಾವ ಬೆರಳ ಎತ್ತತೇನಿ. ನಮ್ಮಾಕಿ ಬಾಯಿಲೆ ಊದ್ತಾಳ, ಅದು ಬ್ಯಾರೆ ಕೇಳತೈತಿ. ನಿನ್ನ ಸೀಟೀನ ಬೇಕ."

ಆಗ ಹೇಳಬೇಕಿತ್ತು. ನಾನು ಅಂಗಳಕ್ಕೆ ಇಳಿದು ಸೀಟಿ ಬಾಯಿಗಿಟ್ಟೆ.

ಒಂದು ಹೊಡೆದೆ. ಗೋಡೆಯತ್ತ ತಿರುಗಿ ಕೂತವರ ಭುಜದ ಮೇಲಕ್ಕೆ ಒಂದು ಬೆರಳು ಎದ್ದಿತು. ಎರಡು ಹೊಡೆದೆ. ಎರಡು ಬೆರಳು. ಮೆಲ್ಲಗೆ ಹೊಡೆದೆ. ಗೇಟಿನಾಚೆ ಹೋಗಿ ಹೊಡೆದೆ. ಹನ್ನೆರಡು ಸಲ. ಹನ್ನೆರಡೂ ಸರಿ. ಪಕ್ಕದ ಮನೆಯ ಹುಡುಗಿಯರು ಬಾಗಿಲಿಗೆ ಬಂದು ನಕ್ಕರು.

ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಖುಷಿಪಟ್ಟಿರುತ್ತಾರೆ ಎಂದುಕೊಂಡೆ. ತಿರುಗಿದಾಗ ಅವರ ಕಣ್ಣು ಒದ್ದೆಯಾಗಿದ್ದವು.

"ಕಿವಿ ಡಾಕ್ಟರೂ ಇದನ್ನ ಹೇಳ್ಯಾರ ತಂಗಿ. ಇಂಜಿನ್ ಸಪ್ಪಳಕ್ಕ ಒಂಚೂರ ಕಡಿಮಿ ಆಗೈತಿ, ಅಷ್ಟ. ಅಂದ್ರ ಏನಾತು? ಇದ್ದದ್ದು ಛಲೋ ಕೇಳತೈತಿ. ಅವತ್ತ ಇಲ್ಲದ್ದೂ ಕೇಳೈತಿ. ಕಿವಿ ಹೋಗಿದ್ರ ಮಶೀನ್ ಹಾಕ್ಕೋತಿದ್ದೆ. ಇದು ತಲಿ." ಹಣೆಗೆ ಬೆರಳು ಬಡಿದುಕೊಂಡರು. "ನಮ್ಮಪ್ಪಗೂ ಹಿಂಗ ಶುರು ಆಗಿತ್ತು. ಯಾರೋ ಕರದಂಗ ಆಗತೈತಿ ಅಂತಿದ್ದ. ಸ್ಟಿಯರಿಂಗ್ ಒಲ್ಲೆ ಅಂತ ಬರದ ಕೊಡಾಂವ ಅದೇನಿ. ಮಂದಿ ಜೀವ ಐತಿ ಕೈಯಾಗ."

ರತ್ನಾಬಾಯಿ ಚಹ ತಂದರು. ಕುಡಿದೆ. "ಬರ್ತೇನಿ ಕಾಕಾ" ಎಂದು ಎದ್ದು ಬಂದೆ.

ನನ್ನಂಥವಳು ಇನ್ನೊಬ್ಬಳಿರಲಿಕ್ಕಿಲ್ಲ.

ಏಪ್ರಿಲ್ 23, ಬುಧವಾರ

ನಿನ್ನೆ ಅಂಗಳ ಗುಡಿಸುತ್ತಿದ್ದಾಗ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಇವರು ಇವತ್ತು ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು.

ರಕ್ತ ಪರೀಕ್ಷೆಯ ಚೀಟಿ ಬಂತು. ಕಿಡ್ನಿ ಸೋತಷ್ಟೂ ಏರುವ ಕ್ರಿಯಾಟಿನಿನ್ ಒಂದು ಪಾಯಿಂಟ್ ಏಳು ಇದ್ದದ್ದು ಎರಡು ಪಾಯಿಂಟ್ ನಾಲ್ಕಾಗಿದೆ. ಡಾಕ್ಟರು ನೋಟ್‌ಬುಕ್ಕಿನ ಮುಂದಿನ ಹಾಳೆಗಳನ್ನು ತಿರುವಿದರು. ಎಲ್ಲ ಚೆಂದ ಇತ್ತು. ತಾವೇ ತೋಳಿಗೆ ಬಿಪಿ ಪಟ್ಟಿ ಕಟ್ಟಿ ನೋಡಿದರು. 182/106. ಮತ್ತೆ ಚೀಟಿ ನೋಡಿದರು, ಮತ್ತೆ ನೋಟ್‌ಬುಕ್.

"ಈ ಗುಳಿಗಿಗೆ ನಿಮ್ಮ ಬಿಪಿ ಬಗ್ಗವಲ್ದು ಅನ್ಸತೈತಿ. ಡೋಸ್ ಏರಿಸಬೇಕ, ಇಲ್ಲಾ ಮೂರನೇದ ಸೇರಿಸಬೇಕ" ಎಂದು ಪೆನ್ನು ತೆಗೆದರು.

ನನ್ನ ಸುಳ್ಳಿನ ಮೇಲೆ ಇನ್ನೊಂದು ಔಷಧಿ ಏಳುತ್ತಿತ್ತು. "ಗುಳಿಗಿ ನಾ ತಗೊಂಡ ಇಲ್ರಿ" ಎಂದೆ. ಇವರು ಕುರ್ಚಿಯಲ್ಲಿ ನನ್ನ ಕಡೆ ತಿರುಗಿದ ಸಪ್ಪಳ ಕೇಳಿತು. ನಾನು ಮೇಜಿನ ಮೇಲಿನ ಗಾಜನ್ನೇ ನೋಡುತ್ತ ಹೇಳಿದೆ. ಬಸ್ ಕಂಡಕ್ಟರ್ ಎಂದೆ. ನೀರು ಕುಡಿಯುವುದು ಬಿಟ್ಟೆ ಎಂದೆ. ತಡೆಯಲಾಗುವುದಿಲ್ಲ, ಒಮ್ಮೆ ರಸ್ತೆಯಲ್ಲೇ ಆಯಿತು ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಡ್ಯೂಟಿ ಎಷ್ಟಕ್ಕ ಮುಗೀತೈತ್ರಿ ಅಕ್ಕಾರ?"

"ಎರಡೂವರಿಗೆ."

"ಹಂಗಾರ ನೀರಿನ ಗುಳಿಗಿ ಮನಿಗೆ ಬಂದ ಮ್ಯಾಲ ಮೂರೂವರಿಗೆ ತಗೋರಿ. ಮುಂಜಾನೇನ ತಗೋಬೇಕಂತ ಕಾಯ್ದೆ ಇಲ್ಲ. ಇನ್ನೊಂದನ್ನ ರಾತ್ರಿ ಊಟ ಆದ ಮ್ಯಾಲ ತಗೋರಿ. ಆದ್ರ ಇವು ಎರಡೂ ಹೊಟ್ಟ್ಯಾಗಿದ್ದಾಗ ಬಿಸಲಾಗ ನೀರು ಬಿಟ್ಟು ಒಣಗಿದ್ರಿ ನೋಡ್ರಿ, ಅದು ಕಿಡ್ನಿಗೆ ಕೆಟ್ಟ ಪೆಟ್ಟು. ವಾಂತಿ, ಭೇದಿ ಆದ ದಿನ ಮೊದಲ ನನಗ ಫೋನ್ ಮಾಡ್ರಿ." ಚೀಟಿಯ ಮೇಲೆ ನೀರಿನ ಗುಳಿಗೆಗೆ ದೊಡ್ಡದಾಗಿ ಸುತ್ತು ಹಾಕಿದರು. "ಭಾಳ ಮಂದಿ ಹಿಂಗ ಮಾಡ್ತಾರ. ಗುಳಿಗಿ ಬಿಡ್ತಾರ, ಹೇಳಂಗಿಲ್ಲ. ನಾನೂ ಅವತ್ತ ನೌಕರಿ ಏನಂತ ಬಿಡಿಸಿ ಕೇಳಬೇಕಿತ್ತು."

ಇಷ್ಟೇ. ಹೊತ್ತು ಬದಲಿಸಿದರೆ ಮುಗಿದಿತ್ತು. ಒಂದು ಮಾತಿಗೆ ತೀರುವುದಿತ್ತು, ಅದಕ್ಕೆ ಬದಲಾಗಿ ಒಬ್ಬಳ ಕೈ ಮುರಿಯಿತು, ಒಬ್ಬರಿಗೆ ತಮ್ಮ ತಲೆಯ ಮೇಲಿನ ನಂಬಿಕೆ ಹೋಯಿತು.

ಬೈಕಿನ ಮೇಲೆ ಬನಹಟ್ಟಿಗೆ ಬಂದೆವು. ಇವರು ಮನೆಯ ಮುಂದೆ ಗಾಡಿ ನಿಲ್ಲಿಸಿ, "ರಸ್ತೆದಾಗ ಆತು ಅಂದೆಲ್ಲ, ಯಾವತ್ತ?" ಎಂದರು. ಅವತ್ತಿನದೆಲ್ಲ ಹೇಳಿದೆ. ಸೀಟಿಯದೂ. ಕೇಳಿ ಬೈಕಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು.

"ಹೊಳಬಸಪ್ಪನವ್ರಿಗೆ ನಾಳೆ ಹೇಳು" ಎಂದರು. "ನಾ ಬೇಕಂದ್ರ ಬರ್ತೇನಿ."

"ಬ್ಯಾಡ್ರಿ" ಎಂದೆ.

ಏಪ್ರಿಲ್ 24, ಗುರುವಾರ

ಮೊದಲು ಡಿಪೋಗೆ ಹೋದೆ. ಕ್ಲಾರ್ಕನ ಮೇಜಿನ ಮುಂದೆ ಕೂತು ಹೊಸ ಹೇಳಿಕೆ ಬರೆದೆ. ಎರಡು ಹಾಳೆ ಹರಿದು ಹಾಕಿದೆ. ಮೊದಲನೆಯದರಲ್ಲಿ 'ದೈಹಿಕ ಅಸ್ವಸ್ಥತೆಯಿಂದ' ಎಂದಿತ್ತು. ಎರಡನೆಯದರಲ್ಲಿ 'ಅನಿವಾರ್ಯ ಕಾರಣದಿಂದ'. ಮೂರನೆಯದು ಇದು, ನೆನಪಿಗೆ ಇಲ್ಲೂ ಇಳಿಸಿಕೊಂಡಿದ್ದೇನೆ:

ನಾನು ಕಿಡ್ನಿ ಕಾಯಿಲೆಗೆ ನೀರಿನ ಗುಳಿಗೆ ತೆಗೆದುಕೊಂಡಿದ್ದು, ಮೂತ್ರ ತಡೆಯಲಾಗದೆ, ಮುಧೋಳ ನಿಲ್ದಾಣ ಬೇಗ ಸೇರುವ ಅವಸರದಲ್ಲಿ, ಪ್ರಯಾಣಿಕರು ಇಳಿಯುವುದನ್ನು ನೋಡದೆ ಎರಡು ಸೀಟಿ ಹೊಡೆದೆ. ಹೊಡೆದಿಲ್ಲವೆಂದು ಸುಳ್ಳು ಬರೆದುಕೊಟ್ಟಿದ್ದೆ. ಚಾಲಕರಾದ ಹೊಳಬಸಪ್ಪ ಅವರಿಗೆ ಕೇಳಿದ್ದು ಸರಿಯಾಗಿಯೇ ಕೇಳಿತ್ತು.

ಕ್ಲಾರ್ಕ್ ಓದಿ ತಲೆ ಕೆರೆದುಕೊಂಡ. "ಮೇಡಂ, ಈ ಮೂತ್ರದ ಮಾತ ಯಾಕ ಬೇಕ್ರಿ? ಆರಾಮ ಇರಲಿಲ್ಲ ಅಂತ ಹಾಕ್ರಿ. ಫೈಲು ಹತ್ತ ಮಂದಿ ಕೈಗೆ ಹೋಗತೈತಿ."

"ಇರಲಿ ಬಿಡ್ರಿ. ಅದ ಕಾರಣ" ಎಂದೆ.

ಮ್ಯಾನೇಜರ್ ಸಾಹೇಬರು ಎರಡು ಸಲ ಓದಿದರು. ನನ್ನನ್ನು ನೋಡದೆ, "ಅಮಾನತು ಆಗತೈತಿ, ಗೊತ್ತಲ್ಲ?" ಎಂದರು. ಗೊತ್ತು ಎಂದೆ.

ಅಲ್ಲಿಂದ ಕಾಕಾನ ಮನೆಗೆ. ಅಂಗಳದಲ್ಲೇ ನಿಂತು ಹೇಳಿದೆ. ಅವರು ಪಡಸಾಲೆಯ ಕಟ್ಟೆಯ ಮೇಲೆ ಕೂತು ಕೇಳಿದರು. ಮೊದಲು ಅವರ ಮುಖ ಅರಳಿತು. ಖರೆ ಹೇಳುತ್ತೇನೆ, ಅರಳಿತು. "ಹೊಡದಿದ್ದಿ? ಖರೆ ಹೊಡದಿದ್ದಿ? ರತ್ನಾ, ಕೇಳಿದೇನ? ಹೊಡದಿದ್ಲಂತ!" ಆಮೇಲೆ ಉಳಿದದ್ದು ನಿಧಾನಕ್ಕೆ ಅವರಿಗೆ ಇಳಿಯಿತು.

"ಮೊನ್ನೆ ಇಲ್ಲೇ ನಿಂತು ಹನ್ನೆರಡ ಸಲ ಊದಿದಿ."

"ಹೂಂ ಕಾಕಾ."

"ನಾ ಗ್ವಾಡಿಗೆ ಮಾರಿ ಮಾಡಿ ಕುಂತಿದ್ದೆ."

ಕಾಕಾ ಕಟ್ಟೆಯ ಅಂಚು ಹಿಡಿದುಕೊಂಡರು.

"ನಿನಗ ತ್ರಾಸ ಐತಿ ಅಂದಿದ್ರ ಎಲ್ಲಿ ಬೇಕಲ್ಲಿ ಗಾಡಿ ನಿಲ್ಲಸ್ತಿದ್ದೆ. ಕಾಕಾ ಅಂತಿ. ಕಾಕಾನ ಮುಂದ ಏನ ನಾಚಿಗಿ? ಅದೂ ಹೋಗಲಿ. ಇಪ್ಪತ್ತ ದಿನ ನನಗ ಹುಚ್ಚ ಹಿಡದೈತಿ ಅಂತ ನಾ ನಂಬಿದ್ದೆ." ಎದ್ದು ನಿಂತರು. "ಹೋಗವಾ ನೀ. ಈಗ ಹೋಗು."

ರತ್ನಾಬಾಯಿ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಾ ಎನ್ನಲಿಲ್ಲ.

ಮೇ 18, ಭಾನುವಾರ

ಇಷ್ಟು ದಿನ ಬರೆಯುವಂಥದ್ದೇನೂ ಇರಲಿಲ್ಲ. ಅಮಾನತಿನಲ್ಲಿ ಮನೆಯಲ್ಲಿದ್ದೇನೆ. ಮೂರೂವರೆಗೆ ಗುಳಿಗೆ, ಆಮೇಲೆ ಸಂಜೆಯ ತನಕ ಬಚ್ಚಲ ದಾರಿ. ಮಗಳು ಪ್ರೀತಿ, "ಅವ್ವಾ, ನಾ ಮೊದಲ ಹೋಗಲೇನು, ನಿನ್ನ ಪಾಳಿ ಬಂತೇನು?" ಎಂದು ಕೇಳಿ ನಗುತ್ತಾಳೆ. ನಾನೂ ನಕ್ಕೆ.

ಕ್ರಿಯಾಟಿನಿನ್ ಎರಡಕ್ಕೆ ಇಳಿದಿದೆ. ಮೊದಲಿನಷ್ಟಕ್ಕೆ ಇಳಿಯಲಿಕ್ಕಿಲ್ಲ ಎಂದರು ಡಾಕ್ಟರು.

ಕೆಂಪವ್ವನ ಮನೆಗೂ ಹೋಗಿ ಹೇಳಿ ಬಂದೆ. ಧರ್ಮರಾಜ ಬೈದ. ಬೈಯಬೇಕಾದ್ದೇ. ಕೆಂಪವ್ವ ಈ ಸಲ ಗಲ್ಲ ಸವರಲಿಲ್ಲ.

ಜೂನ್ 12, ಗುರುವಾರ

ಕೆಲಸಕ್ಕೆ ಸೇರಿ ಒಂದು ವಾರ. ಈಗ ಜಮಖಂಡಿ–ಮುಧೋಳ ಗಾಡಿ, ವೀರೇಶನ ಜೊತೆ. ಕಾಕಾ ಹಳೆಯ ಬಾಗಲಕೋಟೆ ಗಾಡಿಯ ಮೇಲೇ ಇದ್ದಾರೆ. ರಾಜಶ್ರೀ ಬೇಡ, ಬೇರೆ ಕಂಡಕ್ಟರ್ ಕೊಡ್ರಿ ಎಂದು ತಾವೇ ಕೇಳಿಕೊಂಡರಂತೆ.

ಇವತ್ತು ಗುಳಿಗೆ ಇಲ್ಲದೆಯೂ ಅವಸರವಾಯಿತು. ಬಿಸಿಲಿಗೆ ನೀರು ಚೆನ್ನಾಗಿ ಕುಡಿದಿದ್ದೆ. ದಾರಿಯಲ್ಲಿ ಪೆಟ್ರೋಲ್ ಬಂಕ್ ಕಂಡಿತು, ಸೀಟಿ ಹೊಡೆದೆ. ವೀರೇಶ ಹಿಂದೆ ತಿರುಗಿ, "ಇಲ್ಯಾರ ಇಳೀತಾರ್ರೀ ಅಕ್ಕಾರ?" ಎಂದ.

"ನಾನ ಇಳಿಯಾಕಿ. ಒಂದಕ್ಕ ಹೋಗಬೇಕ. ಐದ ಮಿನಿಟ್ ನಿಲ್ಲಸ್ರಿ" ಎಂದೆ.

ಮುಂದಿನ ಸೀಟಿನ ಗಂಡಸೊಬ್ಬ ಗೊಣಗಿದ. ನಾನು ಇಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದೆ ಬಳೆ ಸಪ್ಪಳ. ಐದು ಜನ ಹೆಂಗಸರು ಇಳಿದು ಬರುತ್ತಿದ್ದರು, ಅವರಲ್ಲಿ ಒಬ್ಬಳು ಏಳು ತಿಂಗಳ ಬಸುರಿ. "ಜಮಖಂಡಿಯಿಂದ ತಡಕೊಂಡ ಕುಂತಿದ್ದೆ ಯಕ್ಕಾ" ಎಂದಳು. ಆಕೆಯನ್ನು ಮೊದಲು ಬಿಟ್ಟೆವು.

ಆರು ನಿಮಿಷ ತಡವಾಯಿತು.

ಮತ್ತೆ ಗಾಡಿ ಹೊರಟು ಸ್ವಲ್ಪ ದೂರ ಹೋದಾಗ ಎದುರಿಗೆ ಬಾಗಲಕೋಟೆ ಗಾಡಿ ಬಂತು. ಕಾಕಾನೇ ಓಡಿಸುತ್ತಿದ್ದರು. ನಾನು ಮುಂದಿನ ಬಾಗಿಲ ಹತ್ತಿರವೇ ನಿಂತಿದ್ದೆ, ಕಾಣದೆ ಇರಲಿಕ್ಕಿಲ್ಲ. ಗಾಡಿಗಳು ಒಂದನ್ನೊಂದು ದಾಟುವಾಗ ಅವರು ಸ್ಟಿಯರಿಂಗಿನಿಂದ ಕೈ ಎತ್ತಿದರು. ನನ್ನ ಕೈಯೂ ಎದ್ದಿತ್ತು. ಆಗ ವೀರೇಶ ಹಾರ್ನ್ ಹೊಡೆದು, "ನಮಸ್ಕಾರ್ರೀ ಹೊಳಬಸಪ್ಪಣ್ಣಾ" ಎಂದು ಕೂಗಿದ. ಕೈ ಎತ್ತಿದ್ದು ಅವನಿಗೆ.

ಎತ್ತಿದ ಕೈಯಿಂದ ಮೇಲಿನ ಕಂಬಿ ಹಿಡಿದುಕೊಂಡೆ. ಬಸುರಿಗೆ ಇನ್ನೂ ಟಿಕೆಟ್ ಹರಿದಿರಲಿಲ್ಲ. "ಎಲ್ಲಿಗೆವಾ?" ಎಂದು ಕೇಳಿದೆ.